ಆದೇಶ ಮತ್ತು ಆತ್ಮಸಾಕ್ಷಿ
(ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)



ನಾಯಕತ್ವದ ಬಗ್ಗೆ ಎರಡು ಮಾತು ಹೇಳಬೇಕೆಂದು ಸಂಘದವರು ಕೇಳಿಕೊಂಡಿದ್ದಾರೆ. ನಾಯಕರೆಂದರೆ ಸೇನಾಪತಿಗಳು, ಮಂತ್ರಿಗಳು ಎಂದು ನಾವು ತಿಳಿದಿದ್ದೇವೆ. ನಾನು ಇಂದು ಹೇಳಹೊರಟಿರುವುದು 24 ವರ್ಷದ ಒಬ್ಬ ಹೆಲಿಕಾಪ್ಟರ್ ಚಾಲಕನ ವಿಷಯ. ಅವನ ಹೆಸರು ಹ್ಯೂ ಥಾಂಪ್ಸನ್.

1968ರ ಮಾರ್ಚ್ 16. ವಿಯೆಟ್ನಾಮಿನ ಮೈ ಲೈ ಎಂಬ ಹಳ್ಳಿಗೆ ಅಮೆರಿಕದ ಒಂದು ಪಡೆ ನುಗ್ಗಿತು. ಶತ್ರು ಸೈನಿಕರಿದ್ದಾರೆಂದು ಹೇಳಿ ಅವರನ್ನು ಕಳುಹಿಸಲಾಗಿತ್ತು. ಅಲ್ಲಿ ಸಿಕ್ಕಿದವರು ಮುದುಕರು, ಹೆಂಗಸರು, ಮಕ್ಕಳು. ಅವರನ್ನು ಗುಂಪುಗುಂಪಾಗಿ ಕಾಲುವೆಯ ಬಳಿ ನಿಲ್ಲಿಸಿ ಗುಂಡಿಕ್ಕಲಾಯಿತು. ವಿಯೆಟ್ನಾಂ ಸರಕಾರದ ಲೆಕ್ಕದಲ್ಲಿ ಸತ್ತವರು 504. ಪಡೆಯಲ್ಲಿ ಗುಂಡು ತಗುಲಿದ್ದು ಒಬ್ಬನಿಗೆ ಮಾತ್ರ, ಅದೂ ತನ್ನದೇ ಆಯುಧದಿಂದ ತನ್ನ ಪಾದಕ್ಕೆ!

ಮೇಲೆ ಹಾರುತ್ತಿದ್ದ ಥಾಂಪ್ಸನ್, ಗಾಯಾಳುಗಳು ಬಿದ್ದಿದ್ದ ಜಾಗಕ್ಕೆ ಹಸಿರು ಹೊಗೆಯ ಗುರುತು ಹಾಕಿದ, ಯಾರಾದರೂ ಬಂದು ಚಿಕಿತ್ಸೆ ಕೊಡಲಿ ಎಂದು. ತಿರುಗಿ ಬಂದು ನೋಡಿದರೆ ಅವರೆಲ್ಲ ಹೆಣವಾಗಿದ್ದರು. ಆಮೇಲೆ ಒಂದು ನೆಲಮಾಳಿಗೆಯಲ್ಲಿ ಅಡಗಿದ್ದ ಜನರ ಕಡೆಗೆ ಸೈನಿಕರು ಸಾಗುವುದು ಕಂಡಿತು. ಹೆಲಿಕಾಪ್ಟರನ್ನು ನೇರ ಅವರಿಬ್ಬರ ನಡುವೆ ಇಳಿಸಿದ. ಎದುರಿಗಿದ್ದ ಅಧಿಕಾರಿ ದರ್ಜೆಯಲ್ಲಿ ಅವನಿಗಿಂತ ಮೇಲಿನವನು. ಥಾಂಪ್ಸನ್ ತನ್ನ ಜೊತೆಗಾರರಾದ ಕೋಲ್ಬರ್ನ್ ಮತ್ತು ಆಂಡ್ರಿಯೋಟಾರಿಗೆ ಹೇಳಿದ್ದು ಇಷ್ಟೇ: ನಮ್ಮವರು ಈ ಜನರ ಮೇಲೆ ಗುಂಡು ಹಾರಿಸಿದರೆ, ನೀವು ನಮ್ಮವರ ಮೇಲೆ ಹಾರಿಸಿ. ಬಳಿಕ ತಾನೇ ನಡೆದುಹೋಗಿ ಆ ಜನರನ್ನು ಹೊರಗೆ ಕರೆತಂದು, ಬೇರೆ ಹೆಲಿಕಾಪ್ಟರ್‌ಗಳನ್ನು ಕರೆಸಿ ಸಾಗಿಸಿದ. ಆಂಡ್ರಿಯೋಟಾ ಕಾಲುವೆಗಿಳಿದು ಹೆಣಗಳ ನಡುವಿನಿಂದ ಜೀವವಿದ್ದ ಒಂದು ಮಗುವನ್ನು ಎತ್ತಿ ತಂದ.

ಅಂದು ಗುಂಡು ಹಾರಿಸಲು ಒಪ್ಪದ ಸೈನಿಕರು ಪಡೆಯೊಳಗೂ ಇದ್ದರು. ಆದರೆ ಅವರು ತಡೆಯಲಿಲ್ಲ, ಮುಖ ತಿರುಗಿಸಿ ನಿಂತರು. ನಿಮ್ಮಲ್ಲಿ, ನನ್ನಲ್ಲಿ ಹೆಚ್ಚಿನವರು ಈ ಸಾಲಿನವರೇ ಎಂಬ ಭಯ ನನಗಿದೆ.

ಸೈನ್ಯ ಏನು ಮಾಡಿತು? 128 ಶತ್ರುಗಳನ್ನು ಕೊಂದೆವೆಂದು ವರದಿ ಬರೆಯಿತು. ರಾನ್ ರೈಡನ್‌ಅವರ್ ಎಂಬ ಮಾಜಿ ಸೈನಿಕ 1969ರಲ್ಲಿ ಪತ್ರಗಳನ್ನು ಬರೆಯದಿದ್ದರೆ ಸತ್ಯ ಅಲ್ಲಿಯೇ ಹೂತುಹೋಗುತ್ತಿತ್ತೇನೋ. ಶಿಕ್ಷೆಯಾದದ್ದು ಲೆಫ್ಟಿನೆಂಟ್ ಕ್ಯಾಲಿ ಒಬ್ಬನಿಗೆ. 1971ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಲಾಯಿತು; ಅನುಭವಿಸಿದ್ದು ಸುಮಾರು ಮೂರೂವರೆ ವರ್ಷ, ಅದರಲ್ಲಿ ಬಹುಪಾಲು ಗೃಹಬಂಧನ. ಮೇಲಿನವರ ಆದೇಶ ಪಾಲಿಸಿದೆ ಎಂಬುದೇ ಅವನ ವಾದ. 2009ರಲ್ಲಿ ಸಾರ್ವಜನಿಕವಾಗಿ ಪಶ್ಚಾತ್ತಾಪ ವ್ಯಕ್ತಪಡಿಸಿದಾಗಲೂ ಅವನು ಆ ಮಾತನ್ನು ಬಿಡಲಿಲ್ಲ.

ಈ ವಾದ ಹೊಸದೇನಲ್ಲ. ಪ್ರವಾದಿ(ಸ)ಯವರ ಕಾಲದ ಒಂದು ಘಟನೆಯನ್ನು ನೀವು ಮದ್ರಸದಲ್ಲಿ ಕೇಳಿರಬಹುದು. ಒಂದು ತುಕಡಿಯ ನಾಯಕ ಸಿಟ್ಟಿನ ಭರದಲ್ಲಿ ಸೌದೆ ಕೂಡಿಸಿ ಬೆಂಕಿ ಹಚ್ಚಿಸಿ, ಅದರೊಳಗೆ ಹೋಗಿರೆಂದು ತನ್ನವರಿಗೆ ಆಜ್ಞಾಪಿಸಿದ. ಅವರು ಹಿಂಜರಿದರು. ಸುದ್ದಿ ತಿಳಿದ ಪ್ರವಾದಿ(ಸ)ಯವರು, ವಿಧೇಯತೆ ಇರುವುದು ಒಳಿತಿನಲ್ಲಿ ಮಾತ್ರ ಎಂದು ಸ್ಪಷ್ಟಪಡಿಸಿದರು. ನಮ್ಮ ದೇಶದ 1950ರ ಸೇನಾ ಕಾಯಿದೆಯ 41ನೇ ಸೆಕ್ಷನ್ ಕೂಡ ಶಿಕ್ಷೆ ಹೇಳುವುದು 'ಕಾನೂನುಬದ್ಧ' ಆದೇಶವನ್ನು ಮೀರಿದವನಿಗೆ. ಕಾನೂನು ಓದುವ ಮಕ್ಕಳು ಆ ಒಂದು ಪದವನ್ನು ಗಮನಿಸಬೇಕು.

ಥಾಂಪ್ಸನ್‌ಗೆ ಬಹಳ ವರ್ಷ ಸಿಕ್ಕಿದ್ದು ದ್ರೋಹಿ ಎಂಬ ಬಿರುದು, ಕೊಲೆ ಬೆದರಿಕೆ. ಪದಕ ಬಂದದ್ದು 30 ವರ್ಷದ ನಂತರ, 1998ರಲ್ಲಿ. ತನ್ನ ಇಬ್ಬರು ಜೊತೆಗಾರರಿಗೂ ಕೊಡಬೇಕೆಂದು ಅವನು ಪಟ್ಟು ಹಿಡಿದ. ಆಂಡ್ರಿಯೋಟಾ ಆ ಘಟನೆಯಾದ ಮೂರೇ ವಾರಕ್ಕೆ ಯುದ್ಧದಲ್ಲಿ ಮಡಿದಿದ್ದ.

ಅದೇ ವರ್ಷ ಥಾಂಪ್ಸನ್ ಮತ್ತು ಕೋಲ್ಬರ್ನ್ ಆ ಹಳ್ಳಿಗೆ ಹೋದರು. ಅಂದು ಬದುಕುಳಿದಿದ್ದ ಒಬ್ಬ ಹೆಂಗಸು ಥಾಂಪ್ಸನ್‌ನನ್ನು ಕೇಳಿದಳಂತೆ: ಗುಂಡು ಹಾರಿಸಿದವರೂ ನಿಮ್ಮ ಜೊತೆ ಏಕೆ ಬರಲಿಲ್ಲ? ಬಂದಿದ್ದರೆ ನಾವು ಅವರನ್ನು ಕ್ಷಮಿಸಬಹುದಿತ್ತಲ್ಲ.