ಕಂಪ್ಯೂಟರಿಗೆ ತಂಪಿನ ಲೇಪ

ಮನೆಯ ಕಂಪ್ಯೂಟರು ಕೆಲವು ವರ್ಷ ಹಳತಾದ ಮೇಲೆ ಕೆಲಸದ ನಡುವೆ ತಾನಾಗಿ ನಿಂತುಹೋಗುವುದನ್ನು ತಾವೂ ಕಂಡಿರಬಹುದು. ಮಗಳ ಪರೀಕ್ಷೆಯ ಅರ್ಜಿಯನ್ನು ಅರ್ಧ ತುಂಬಿರುವಾಗ ನಮ್ಮ ಮನೆಯ ಯಂತ್ರ ಹೀಗೆಯೇ ಮಾಡಿತು. ಹೊಸದನ್ನು ಕೊಳ್ಳುವುದೇ ಲೇಸೆಂದು ಅಂಗಡಿಯವರ ಸಲಹೆ. ಬಿಚ್ಚಿ ನೋಡಿದರೆ, ಒಣಗಿಹೋಗಿದ್ದುದು ಒಂದಿಷ್ಟು ಲೇಪ ಮಾತ್ರ!

ಕಂಪ್ಯೂಟರಿನ ಪ್ರೊಸೆಸರು ದುಡಿದಷ್ಟೂ ಬಿಸಿಯೇರುತ್ತದೆ. ಉಷ್ಣತೆ ಸುಮಾರು 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಬಹುಪಾಲು ಪ್ರೊಸೆಸರುಗಳು ಆತ್ಮರಕ್ಷಣೆಗಾಗಿ ವೇಗವನ್ನು ತಗ್ಗಿಸುತ್ತವೆ. ಇನ್ನೂ ಏರಿದರೆ ಯಂತ್ರವೇ ನಿಲ್ಲುತ್ತದೆ. ಈ ಶಾಖವನ್ನು ಹೀರಲೆಂದೇ ಅದರ ಮೇಲೆ ಹೀಟ್ ಸಿಂಕ್ ಎಂಬ ಲೋಹದ ಗಟ್ಟಿಯನ್ನೂ ಫ್ಯಾನನ್ನೂ ಕೂರಿಸಿರುತ್ತಾರೆ.

ಎರಡು ಮೈಗಳೂ ನುಣುಪಾಗಿ ಕಂಡರೂ ಅವುಗಳಲ್ಲಿ ಸೂಕ್ಷ್ಮವಾದ ತಗ್ಗುಗಳುಂಟು. ಅಲ್ಲಿ ಸೇರಿದ ಗಾಳಿ ಶಾಖಕ್ಕೆ ಅಡ್ಡಿ. ಥರ್ಮಲ್ ಪೇಸ್ಟ್ ಆ ತಗ್ಗುಗಳನ್ನು ತುಂಬುತ್ತದೆ. ಆದರೆ ಈ ಲೇಪವು ಶಾಖವಾಹಕ ಗುಣದಲ್ಲಿ ಗಾಳಿಗಿಂತ ಮೇಲಾದರೂ ತಾಮ್ರಕ್ಕಿಂತ ಬಹಳ ಕೀಳು. ಆದುದರಿಂದ ಗೋಡೆಗೆ ಗಾರೆ ಮೆತ್ತಿದಂತೆ ಮೆತ್ತಬಾರದು. ಹಣೆಗೆ ಗಂಧವಿಟ್ಟಂತೆ ಮಿತವಾಗಿರಬೇಕು.

ಮೊದಲು ವಿದ್ಯುತ್ ಸಂಪರ್ಕವನ್ನು ತಪ್ಪಿಸಬೇಕು. ಹೀಟ್ ಸಿಂಕ್ ಅಂಟಿಕೊಂಡಿದ್ದರೆ ಜಗ್ಗದೆ, ಮೆಲ್ಲನೆ ಅತ್ತಿತ್ತ ತಿರುಗಿಸಿ ಬಿಡಿಸಬೇಕು. ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿದ ನಯವಾದ ಬಟ್ಟೆಯಿಂದ ಹಳೆಯ ಲೇಪವನ್ನು ಎರಡು ಮೈಗಳಿಂದಲೂ ಒರೆಸಿ, ಆರಲು ಬಿಡಬೇಕು. ಪ್ರೊಸೆಸರಿನ ನಡುವೆ ಬಟಾಣಿ ಕಾಳಿನಷ್ಟು ಹೊಸ ಲೇಪವಿಟ್ಟು, ಹೀಟ್ ಸಿಂಕನ್ನು ನೇರವಾಗಿ ಇಳಿಸಬೇಕು. ಒತ್ತಡಕ್ಕೆ ಲೇಪ ತಾನೇ ಹರಡುತ್ತದೆ. ತಿರುಪುಗಳನ್ನು ಎದುರುಬದುರು ಮೂಲೆಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಫ್ಯಾನಿನ ತಂತಿಯನ್ನು ಮರಳಿ ಸೇರಿಸಲು ಮರೆಯಬಾರದು.

ನಮ್ಮ ಯಂತ್ರ ಮತ್ತೆ ನಡೆಯಿತು. ಅರ್ಜಿಯೂ ಸಕಾಲಕ್ಕೆ ಸಲ್ಲಿತು. ಹೊಸ ಕಂಪ್ಯೂಟರಿಗೆ ಹಣ ತೆರುವ ಮುನ್ನ ಈ ಲೇಪವನ್ನೊಮ್ಮೆ ನೋಡಬೇಕೆಂದು ತಮ್ಮಲ್ಲಿ ನನ್ನ ವಿನಂತಿ.