ಅಜ್ಜಿಯ ಫೇಟಿಯಾ

ಪರಂಪರೆ ಎಂದೊಡನೆ ಸಂಡೂರಿನ ನಾವು ಸ್ವಾಮಿಮಲೆ ಹತ್ತುತ್ತೇವೆ; ಪಾರ್ವತಿ, ಕುಮಾರಸ್ವಾಮಿ ಗುಡಿಗಳನ್ನು ಕಂಡು ಹಂಪಿಯ ಕಡೆ ಇಳಿಯುತ್ತೇವೆ. ಇವತ್ತು ನಾನು ಕಲ್ಲನ್ನು ಬಿಟ್ಟು ಬಟ್ಟೆಯ ಬಗ್ಗೆ ಮಾತಾಡುತ್ತೇನೆ.

ನಮ್ಮ ಮೇಷ್ಟ್ರೊಬ್ಬರು ಹಂಪಿಯ ಮಹಾನವಮಿ ದಿಬ್ಬದ ಕೆತ್ತನೆಗಳ ಮುಂದೆ ನಿಲ್ಲಿಸಿ, "ರಾಜನನ್ನು ಆಮೇಲೆ ನೋಡಿ, ಮೊದಲು ಕುಣಿಯೋರು ಏನು ಉಟ್ಟಿದ್ದಾರೆ ನೋಡಿ" ಅನ್ನುತ್ತಿದ್ದರು. ಉಡುಗೆಯೇ ದಾಖಲೆ ಎಂದು ಕಲಿತದ್ದು ಅವರಿಂದ. ಅದೇ ಕಣ್ಣಿನಿಂದ ಲಂಬಾಣಿ ಹೆಂಗಸರು ಉಡುವ ಕಸೂತಿಯ ಲಂಗ, ಫೇಟಿಯಾ ನೋಡಿ. ಕನ್ನಡಿಯನ್ನು ಅಂಟಿಸಿರುವುದಿಲ್ಲ, ಸುತ್ತ ದಾರ ಹೆಣೆದು, ಆ ಹೆಣಿಗೆಯಲ್ಲೇ ಬಿಗಿದಿರುತ್ತಾರೆ. ಕವಡೆ, ನಾಣ್ಯ ಎಲ್ಲಕ್ಕೂ ಅದರದರ ಜಾಗವಿದೆ. ಸೆರಗಿನಂತೆ ಹೊದೆಯುವ ಟುಕ್ರಿ, ಬೆನ್ನಿಗೆ ದಾರ ಕಟ್ಟುವ ಕಾಂಚಳಿ, ಎಲ್ಲವೂ ಇದೇ ಕೈಕೆಲಸ.

ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ನಡೆದ ಜನ ಈ ಲಂಬಾಣಿಗರು. ರೈಲು ಬಂದು ಆ ವ್ಯಾಪಾರ ಹೋಯಿತು. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟು ಕಾಯ್ದೆ ಇಂಥ ಅಲೆಮಾರಿಗಳನ್ನು ಹುಟ್ಟಾ ಅಪರಾಧಿಗಳೆಂದಿತು. ಅದು ರದ್ದಾದದ್ದು 1952ರಲ್ಲಿ. ಅಷ್ಟನ್ನೂ ದಾಟಿ ಉಳಿದದ್ದು ಈ ಕೈಕೆಲಸ.

ಈಗ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚನೆಯ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಣ್ಣುಮಕ್ಕಳ ಕೈಯಿಂದ 1755 ತುಣುಕು ಕಸೂತಿ ಸಿದ್ಧವಾಗಿ, ಅದರ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ನನಗೂ ಹೆಮ್ಮೆಯಾಯಿತು. ಹೊಸ ಕಸೂತಿಯ ದುಡ್ಡು ಹೊಲಿದವರ ಮನೆಗೆ ಹೋಗುತ್ತದೆ, ಅದು ಬೆಳೆಯಲಿ.

ನನ್ನ ಜಗಳ ಹಳೆಯ ಫೇಟಿಯಾಗಳದ್ದು. ಅಜ್ಜಿಯರು ಉಟ್ಟು ಸವೆಸಿದ್ದನ್ನು ಚೂರುಚೂರಾಗಿ ಕತ್ತರಿಸಿ ಚೀಲ, ದಿಂಬಿನ ಕವಚ ಮಾಡಿ ಪ್ರವಾಸಿಗರಿಗೆ ಮಾರುತ್ತಾರೆ. ಹಂಪಿಯ ಒಂದು ಕಂಬ ಮುರಿದರೆ ಊರೇ ಎದ್ದು ಕೂಗುತ್ತದೆ. ಫೇಟಿಯಾಕ್ಕೆ ಕತ್ತರಿ ಬಿದ್ದರೆ ಯಾರೂ ಉಸಿರೆತ್ತುವುದಿಲ್ಲ. ಇದು ಅನ್ಯಾಯ.

"ಮಾರುವುದು ಅವರ ಹಕ್ಕಲ್ಲವೇ?" ಎಂದು ಗೆಳೆಯರು ಕೇಳುತ್ತಾರೆ. ಹೌದು, ಹಕ್ಕೇ. ಮನೆಯಲ್ಲಿ ಕಷ್ಟವಿದ್ದಾಗ ಮಾರಬೇಡಿ ಎನ್ನಲು ನಾನು ಯಾರು? ಚೂಡಿದಾರ ತೊಟ್ಟ ಮೊಮ್ಮಗಳಿಗೆ ಫೇಟಿಯಾ ಉಡು ಎನ್ನುವ ಅಧಿಕಾರ ಯಾರಿಗಿದೆ? ಹಬ್ಬದ ದಿನ ಮಾತ್ರ ಉಟ್ಟರೆ ಪರಂಪರೆ ಉಳಿಯಿತೇ, ಸತ್ತಿತೇ? ನನಗೆ ಉತ್ತರ ಹೊಳೆದಿಲ್ಲ.

ಒಂದನ್ನು ಮಾತ್ರ ಕೇಳಿಕೊಳ್ಳುತ್ತೇನೆ. ಮಾರಲು ಬಂದ ಹಳೆಯ ಫೇಟಿಯಾವನ್ನು ನಾವೇ ನ್ಯಾಯವಾದ ಬೆಲೆ ಕೊಟ್ಟು ಕೊಳ್ಳೋಣ. ಹೊಲಿದವಳ ಹೆಸರು, ಅವಳ ಊರಾದ ತಾಂಡಾ ಬರೆದು, ಕತ್ತರಿಸದೆ ಸಂಡೂರಿನಲ್ಲೇ ಇಡೋಣ. ವಂತಿಗೆಗೆ ಮೊದಲ ಹೆಸರು ನನ್ನದು ಬರೆದುಕೊಳ್ಳಿ.