ಬರದ ವರ್ಷದ ಬಜೆಟ್: ಕಲಿಯಬೇಕಾದ ಒಂದು ಕೆಲಸ

ಕಾವ್ಯ, ಇತಿಹಾಸ, ಜಾನಪದಗಳ ಉಪನ್ಯಾಸ ನಡೆಯುವ ಈ ವೇದಿಕೆಯಲ್ಲಿ ಸರ್ಕಾರದ ಲೆಕ್ಕಪತ್ರದ ಬಗ್ಗೆ ಮಾತಾಡಲು ಕರೆದದ್ದು ನನಗೆ ಸಂತೋಷ ತಂದಿದೆ. ಪದವಿ ಮುಗಿಸುವ ಹಂತದಲ್ಲಿರುವ ಮಕ್ಕಳು ಸಭೆಯಲ್ಲಿದ್ದಾರೆ. ಇವತ್ತಿನ ಮಾತು ಮುಖ್ಯವಾಗಿ ಅವರಿಗೆ.

ಬಜೆಟ್ ಮಂಡನೆಯಾದ ಮರುದಿನ ಯಾವ ಇಲಾಖೆಗೆ ಎಷ್ಟು, ಯಾವ ಊರಿಗೆ ಏನು ಎಂಬ ಪಟ್ಟಿಯನ್ನು ನಾವೆಲ್ಲ ಓದುತ್ತೇವೆ. ಆದರೆ ಬಜೆಟ್ಟಿನಲ್ಲಿರುವುದು ಅಂದಾಜು ಮಾತ್ರ. ಅದು ಎಲ್ಲಿ ತಪ್ಪಬಹುದು, ತಪ್ಪಿದರೆ ಹೊರೆ ಎಷ್ಟು, ಅದನ್ನು ಯಾರು ಹೊರಬೇಕು ಎಂದು ಲೆಕ್ಕ ಹಾಕುವುದೇ ಒಂದು ಉದ್ಯೋಗ. ಬ್ರಿಟನ್ನಿನಲ್ಲಿ 2010ರಲ್ಲಿ ಆರಂಭವಾದ ಆಫೀಸ್ ಫಾರ್ ಬಜೆಟ್ ರೆಸ್ಪಾನ್ಸಿಬಿಲಿಟಿ ಎಂಬ ಸ್ವತಂತ್ರ ಕಚೇರಿ 2017ರಿಂದ ಈ ಅಪಾಯಗಳ ಬಗ್ಗೆಯೇ ಪ್ರತ್ಯೇಕ ವರದಿ ಕೊಡುತ್ತಿದೆ. ನಮ್ಮ ದೇಶದಲ್ಲೂ ಸ್ವತಂತ್ರ ವಿತ್ತೀಯ ಮಂಡಳಿ ಬೇಕೆಂದು ಕೇಂದ್ರ ಸರ್ಕಾರ ನೇಮಿಸಿದ್ದ ಎನ್.ಕೆ. ಸಿಂಗ್ ಸಮಿತಿ 2017ರಲ್ಲಿ ಶಿಫಾರಸು ಮಾಡಿತ್ತು. ಹಾಗಾಗಿಲ್ಲವಾದ್ದರಿಂದ ಆ ಕೆಲಸ ಸಂಶೋಧನಾ ಸಂಸ್ಥೆಗಳ ಮತ್ತು ಅಲ್ಲಿ ಹೊಸದಾಗಿ ಸೇರುವ ಹುಡುಗ ಹುಡುಗಿಯರ ಪಾಲಿಗೆ ಬಂದಿದೆ.

ನಮ್ಮ ರಾಜ್ಯದ್ದೇ ಉದಾಹರಣೆ ನೋಡೋಣ. ಹತ್ತು ಎಚ್.ಪಿ.ವರೆಗಿನ ಕೃಷಿ ಪಂಪ್‌ಸೆಟ್ಟುಗಳಿಗೆ ಕರ್ನಾಟಕದಲ್ಲಿ ವಿದ್ಯುತ್ ಉಚಿತ. ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳಿಗೆ ಆ ಹಣವನ್ನು ಸರ್ಕಾರ ಸಬ್ಸಿಡಿಯಾಗಿ ಕಟ್ಟುತ್ತದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಅದನ್ನು ಮುಂಗಡವಾಗಿಯೇ ಕಟ್ಟಬೇಕು. ಆದರೆ ಬಹುಪಾಲು ಪಂಪ್‌ಸೆಟ್ಟಿಗೆ ಮೀಟರೇ ಇಲ್ಲ. ಎಷ್ಟು ಯೂನಿಟ್ ಖರ್ಚಾಯಿತೆಂಬುದನ್ನು ಊರಿಗೆ ವಿದ್ಯುತ್ ಒಯ್ಯುವ ಫೀಡರ್ ತಂತಿಯ ಲೆಕ್ಕದಿಂದ ಅಂದಾಜಿಸಬೇಕು. ಆ ಅಂದಾಜಿನ ಮೇಲೆ ಸಬ್ಸಿಡಿಯ ಅಂದಾಜು, ಅದರ ಮೇಲೆ ಬಜೆಟ್ಟು ನಿಂತಿದೆ.

ಈಗ ಮಳೆ ಕೈಕೊಟ್ಟಿತೆನ್ನಿ. ಕಾಲುವೆಯಲ್ಲಿ ನೀರಿಲ್ಲದೆ ರೈತರು ಬೋರ್‌ವೆಲ್ ನಂಬುತ್ತಾರೆ, ಪಂಪುಗಳು ಹೆಚ್ಚು ಹೊತ್ತು ಓಡುತ್ತವೆ. ಅದೇ ಹೊತ್ತಿಗೆ ಲಿಂಗನಮಕ್ಕಿ ಜಲಾಶಯದ ಮಟ್ಟ ಇಳಿದು ಶರಾವತಿಯ ಅಗ್ಗದ ಜಲವಿದ್ಯುತ್ತು ಕಡಿಮೆಯಾಗುತ್ತದೆ. ಕಡಿಮೆಬಿದ್ದ ವಿದ್ಯುತ್ತನ್ನು ದುಬಾರಿ ಬೆಲೆಗೆ ಹೊರಗಿನಿಂದ ಕೊಳ್ಳಬೇಕು. ಕುಡಿಯುವ ನೀರಿಗೆ ಟ್ಯಾಂಕರು, ದನಕರುಗಳಿಗೆ ಮೇವು, ಬೆಳೆ ಪರಿಹಾರ ಇವೂ ಆಗಲೇ ಬೇಕು. ರೈತರ ಕೈಯಲ್ಲಿ ಹಣವಿಲ್ಲದೆ ಸಂತೆಯ ವ್ಯಾಪಾರ ಬಿದ್ದು ತೆರಿಗೆ ವಸೂಲಿಯೂ ತಗ್ಗುತ್ತದೆ. ಬಜೆಟ್ ಪುಸ್ತಕದಲ್ಲಿ ಇಂಧನ, ಕಂದಾಯ, ವಾಣಿಜ್ಯ ತೆರಿಗೆ ಎಂದು ಬೇರೆ ಬೇರೆ ಪುಟಗಳಲ್ಲಿ ಕೂತ ಸಂಖ್ಯೆಗಳು ಬರದ ವರ್ಷದಲ್ಲಿ ಒಟ್ಟಿಗೇ ಕೆಡುತ್ತವೆ. ಒಂದೊಂದು ಅಪಾಯವನ್ನೂ ಬೇರೆಯಾಗಿ ನೋಡಿದರೆ ತಾಳಿಕೊಳ್ಳಬಹುದು ಅನ್ನಿಸುತ್ತದೆ. ಎಲ್ಲವೂ ಒಂದೇ ವರ್ಷ ಬಂದಾಗಲೇ ಸರ್ಕಾರ ರಸ್ತೆ, ಶಾಲಾ ಕೊಠಡಿ, ಕೆರೆ ಕಾಮಗಾರಿಗಳ ಹಣಕ್ಕೆ ಕೈಹಾಕುವುದು.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ರಾಜ್ಯ ಕೇಂದ್ರದಿಂದ ಕೇಳಿದ್ದು ₹18,171 ಕೋಟಿ. ನೆರವು ಬಾರದಿದ್ದಾಗ 2024ರ ಮಾರ್ಚ್ ತಿಂಗಳಲ್ಲಿ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. ಏಪ್ರಿಲ್‌ನಲ್ಲಿ ಬಿಡುಗಡೆಯಾದದ್ದು ಸುಮಾರು ₹3,454 ಕೋಟಿ. ಯಾರ ಲೆಕ್ಕ ಸರಿ ಎಂಬ ರಾಜಕೀಯ ವಾದ ಇರಲಿ. ಕೇಳಿದ್ದಕ್ಕೂ ಬಂದದ್ದಕ್ಕೂ ಇಷ್ಟು ಅಂತರವಿರಬಹುದು, ಬರಲು ಇಷ್ಟು ತಡವಾಗಬಹುದು ಎಂಬುದನ್ನು ಬಜೆಟ್ ಮಾಡುವ ಮುಂಚೆಯೇ ಯಾರಾದರೂ ಬರೆದಿಟ್ಟಿರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಅಪಾಯ ಜಾಮೀನಿನದು. ರಾಜ್ಯ ಸರ್ಕಾರದ ಐದು ಗ್ಯಾರಂಟಿ ಯೋಜನೆಗಳ ಮಾತು ಇದಲ್ಲ. ಅವಕ್ಕೆ 2024–25ರ ಬಜೆಟ್ಟಿನಲ್ಲಿ ಸುಮಾರು ₹52,000 ಕೋಟಿ ಎಂದು ತೋರಿಸಲಾಗಿತ್ತು. ಮೊತ್ತ ಕಣ್ಣೆದುರಿಗಿದೆ, ಪರ ವಿರೋಧ ಯಾರು ಬೇಕಾದರೂ ಚರ್ಚಿಸಬಹುದು. ನಾನು ಹೇಳುವುದು ನಿಗಮ ಮಂಡಳಿಗಳ ಸಾಲಕ್ಕೆ ಸರ್ಕಾರ ಹಾಕುವ ಸಹಿಯ ಬಗ್ಗೆ. ಪಕ್ಕದ ಮನೆಯವರ ಸೊಸೈಟಿ ಸಾಲಕ್ಕೆ ಜಾಮೀನು ಹಾಕಿದವರಿಗೆ ಇದರ ಬಿಸಿ ಗೊತ್ತು: ಸಹಿ ಹಾಕಿದ ದಿನ ಒಂದು ಪೈಸೆಯೂ ಖರ್ಚಿಲ್ಲ, ನೋಟಿಸು ಬಂದ ದಿನ ಪೂರ್ತಿ ಸಾಲ ನಮ್ಮದು. ಈ ವಿಷಯದಲ್ಲಿ ಕರ್ನಾಟಕ ಬೇಗ ಎಚ್ಚೆತ್ತ ರಾಜ್ಯ. 1999ರಲ್ಲೇ ಇಂಥ ಜಾಮೀನುಗಳಿಗೆ, ಅಂದರೆ ಸರ್ಕಾರಿ ಖಾತರಿಗಳಿಗೆ, ಮಿತಿ ಹಾಕುವ ಕಾಯ್ದೆ ತಂದಿತು. 2002ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ದೇಶದಲ್ಲೇ ಮೊದಲು ಮಾಡಿದ ರಾಜ್ಯವೂ ನಮ್ಮದೇ. ನೀರಾವರಿ ನಿಗಮಗಳ ಮೂಲಕ ಎತ್ತಿದ, ಆದರೆ ಬಜೆಟ್ಟಿನಿಂದಲೇ ತೀರಿಸಬೇಕಾದ ಸಾಲವನ್ನೂ ರಾಜ್ಯದ ಹೊಣೆಯೆಂದೇ ಎಣಿಸುವಂತೆ ಆಮೇಲೆ ತಿದ್ದುಪಡಿಯಾಯಿತು. ನಿಯಮವೇನೋ ಇದೆ. ಅದರ ಪಾಲನೆಯನ್ನು ವರ್ಷವರ್ಷವೂ ಸಾಲುಸಾಲಾಗಿ ನೋಡುವ ಕಣ್ಣುಗಳು ಕಡಿಮೆ.

ಆ ಕಣ್ಣುಗಳಾಗುವುದೇ ಹೊಸದಾಗಿ ಸೇರಿದವರ ಕೆಲಸ. ಮೊದಲ ವರ್ಷ ದೊಡ್ಡ ಸಿದ್ಧಾಂತವೇನೂ ಇರುವುದಿಲ್ಲ. ಪಿಡಿಎಫ್ ಪುಟಗಳಿಂದ ಸಂಖ್ಯೆಗಳನ್ನು ಎಕ್ಸೆಲ್ಲಿಗೆ ಇಳಿಸಬೇಕು. ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ಕೊನೆಗೆ ಬಂದ ಲೆಕ್ಕ, ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ವ್ಯತ್ಯಾಸ ಎಲ್ಲಿ ಪದೇಪದೇ ಬರುತ್ತಿದೆ ಎಂದು ಹುಡುಕಬೇಕು. ವಿದ್ಯುತ್ತಿಗೆ 2801, ಪ್ರಕೃತಿ ವಿಕೋಪ ಪರಿಹಾರಕ್ಕೆ 2245, ಬಡ್ಡಿಗೆ 2049 ಎಂಬ ಲೆಕ್ಕಶೀರ್ಷಿಕೆಗಳು ಬಾಯಿಪಾಠವಾಗುತ್ತವೆ. ಸರ್ಕಾರದ ಲೆಕ್ಕ ಪರಿಶೋಧಕರಾದ ಸಿಎಜಿ ಪ್ರಕಟಿಸುವ ಹಣಕಾಸು ಲೆಕ್ಕಗಳಲ್ಲಿ ಖಾತರಿಗಳ ವಿವರ 9 ಮತ್ತು 20ನೇ ತಖ್ತೆಗಳಲ್ಲಿ ಸಿಗುತ್ತದೆ. ರಿಸರ್ವ್ ಬ್ಯಾಂಕ್ ಪ್ರತಿವರ್ಷ ಹೊರತರುವ ರಾಜ್ಯಗಳ ಬಜೆಟ್ ಅಧ್ಯಯನದಿಂದ ನಮ್ಮನ್ನು ಬೇರೆ ರಾಜ್ಯಗಳ ಜೊತೆ ಹೋಲಿಸಬಹುದು. ಬೇಸರದ ಕೆಲಸವೆಂದು ಕಂಡೀತು. ಆದರೆ ಒಂದು ಅಂದಾಜು ಐದು ವರ್ಷ ಸತತವಾಗಿ ಒಂದೇ ದಿಕ್ಕಿನಲ್ಲಿ ತಪ್ಪಿರುವುದು ಕಣ್ಣಿಗೆ ಬಿದ್ದಾಗ ಸಿಗುವ ಖುಷಿ ಬೇರೆಯೇ.

ಎಲ್ಲಿ ಸೇರಬಹುದು? ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ, ಬೆಂಗಳೂರಿನ ನಾಗರಬಾವಿಯಲ್ಲಿರುವ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ ಐಸೆಕ್ ಇದೆ. ಕೆಂಗೇರಿಯಲ್ಲಿ ಸರ್ಕಾರದ್ದೇ ವಿತ್ತೀಯ ನೀತಿ ಸಂಸ್ಥೆ ಇದೆ. ದೆಹಲಿಯಲ್ಲಿ ಸಾರ್ವಜನಿಕ ಹಣಕಾಸಿನ ಅಧ್ಯಯನ ಮಾಡುವ ಎನ್‌ಐಪಿಎಫ್‌ಪಿ ಇದೆ, ಸಂಸದರ ಜೊತೆ ಕೆಲಸ ಕಲಿಸುವ, ಶಾಸನ ಸಂಶೋಧನಾ ಸಂಸ್ಥೆಯಾದ ಪಿಆರ್‌ಎಸ್‌ನ ಲ್ಯಾಂಪ್ ಫೆಲೋಶಿಪ್ ಇದೆ. ಆರಂಭದ ಹುದ್ದೆಗಳು ಸಾಮಾನ್ಯವಾಗಿ ಪ್ರಾಜೆಕ್ಟ್ ಮುಗಿಯುವವರೆಗಿನ ಗುತ್ತಿಗೆಯವು. ಇದನ್ನು ತಿಳಿದೇ ಬನ್ನಿ, ಮನೆಯವರಿಗೂ ತಿಳಿಸಿ.

ಇಂಗ್ಲಿಷ್ ವರದಿ ಬರೆಯಲು ಬಾರದೆಂದು ಹಿಂಜರಿಯುವವರಿಗೆ ಒಂದು ಮಾತು. ತ್ರೀ ಫೇಸ್ ಕರೆಂಟು ಯಾವ ಹೊತ್ತಿಗೆ ಬರುತ್ತದೆ, ಬಂದಾಗ ಊರಿನ ಎಷ್ಟು ಮೋಟಾರು ಒಟ್ಟಿಗೆ ಚಾಲೂ ಆಗುತ್ತವೆ, ಬೋರು ಎಷ್ಟು ಅಡಿಗೆ ಇಳಿದಿದೆ ಎಂಬುದು ಪಾವಗಡದ, ಚಳ್ಳಕೆರೆಯ ವಿದ್ಯಾರ್ಥಿಗೆ ಮನೆಯ ಮಾತು. ಮೀಟರಿಲ್ಲದ ಕಡೆ ಅಂದಾಜು ಏಕೆ ತಪ್ಪುತ್ತದೆಂದು ಆ ವಿದ್ಯಾರ್ಥಿಗೆ ಯಾರೂ ವಿವರಿಸಬೇಕಿಲ್ಲ. ವರದಿಯ ಭಾಷೆಯನ್ನು ಎರಡು ವರ್ಷದಲ್ಲಿ ಕಲಿಯಬಹುದು. ಆ ತಿಳಿವಳಿಕೆಯನ್ನು ಬೆಂಗಳೂರಿನ ಕಚೇರಿಯಲ್ಲಿ ಕೂತು ಸಂಪಾದಿಸುವುದು ಬಹಳ ಕಷ್ಟ.

ಆರಂಭಿಸಲು ಉದ್ಯೋಗವೇ ಬೇಕಿಲ್ಲ. ರಾಜ್ಯದ ಬಜೆಟ್ ಪುಸ್ತಕಗಳು ಹಣಕಾಸು ಇಲಾಖೆಯ ಜಾಲತಾಣದಲ್ಲಿವೆ. 2801 ಮತ್ತು 2245ರ ಹತ್ತು ವರ್ಷದ ಅಂದಾಜು, ಲೆಕ್ಕ ಎರಡನ್ನೂ ಬರೆದುಕೊಳ್ಳಿ. ಪಕ್ಕದ ಕಾಲಮ್ಮಿನಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಅಂಕಿ ಹಾಕಿ. ಮಳೆ ಕೈಕೊಟ್ಟ ವರ್ಷಗಳಲ್ಲಿ ಅಂದಾಜಿಗೂ ಲೆಕ್ಕಕ್ಕೂ ಎಷ್ಟು ಅಂತರ ಬಂದಿದೆಯೆಂದು ಕನ್ನಡದಲ್ಲೇ ಎರಡು ಪುಟ ಬರೆದು ತನ್ನಿ. ಈ ವೇದಿಕೆ ನಡೆಸುವ ಸಂಘದವರು ಒಪ್ಪಿದರೆ ಮುಂದಿನ ಸಲ ಅದನ್ನೇ ಇಲ್ಲಿ ಓದಿ ಚರ್ಚಿಸೋಣ.